ಉಗ್ರಾಣದಿಂದ ಕಂಡ ಫುಟ್‌ಬಾಲ್ ತಿರುಗಾಟ

ಮದುವೆ ಮನೆಯಲ್ಲಿ ಉಗ್ರಾಣ ವಹಿಸಿಕೊಂಡವರ ಪಾಡು ಪಂಕ್ತಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳಿಗೂ ಅಂಥದೊಂದು ಉಗ್ರಾಣ ಇದೆ, ಅದಕ್ಕೆ ಎಕ್ವಿಪ್‌ಮೆಂಟ್ ರೂಮ್ ಅಂತ ಹೆಸರು. ಹೆಲ್ಮೆಟ್, ಭುಜದ ಪ್ಯಾಡು, ಜೆರ್ಸಿ, ಬೂಟು, ಚೆಂಡು, ಒಗೆತ, ಲಾರಿ ತುಂಬುವುದು ಎಲ್ಲ ಅಲ್ಲಿನ ಜವಾಬ್ದಾರಿ. ಕಾಯಂ ನೌಕರರು ಬೆರಳೆಣಿಕೆಯಷ್ಟು. ಉಳಿದ ಕೈಗಳೆಲ್ಲ ನಮ್ಮಂಥ ವಿದ್ಯಾರ್ಥಿಗಳದ್ದು. ಇದು 2024ರ ಸೀಸನ್ನಿನ ಅನುಭವ. ಆಗಸ್ಟ್‌ಗೆ ಇಲ್ಲಿಗೆ ಓದಲು ಬಂದು, ಲೈಬ್ರರಿ ಮತ್ತು ಕ್ಯಾಂಟೀನ್ ಬಿಟ್ಟು ಬೇರೆ ಕೆಲಸ ಏನಿದೆ ಎಂದು ಹುಡುಕುವವರಿಗೆ ಉಪಯೋಗಕ್ಕೆ ಬರಲಿ ಅಂತ ಈ ಲೆಕ್ಕ ಬರೆದಿಟ್ಟಿದ್ದೇವೆ.

ಆಟ ಗೊತ್ತಿಲ್ಲದವರಿಗೆ ಎರಡು ಸಾಲು. ಇಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಎಸೆಯುವ, ಎತ್ತಿಕೊಂಡು ಓಡುವ ಆಟ. ಒಂದೊಂದು ಕಡೆ 11 ಜನ, 100 ಗಜದ ಮೈದಾನ, ನಾಲ್ಕು ಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಗಡಿಯಾರದಲ್ಲಿ 60 ನಿಮಿಷ, ನಡೆಯುವುದು ಮೂರೂವರೆ ಗಂಟೆ. ಇಷ್ಟು ತಿಳಿದಿದ್ದರೆ ಉಗ್ರಾಣದ ಕೆಲಸಕ್ಕೆ ಸಾಕು. ಉಳಿದದ್ದು ಸೆಪ್ಟೆಂಬರ್ ಒಳಗೆ ತಾನಾಗಿ ತಲೆಗೆ ಹತ್ತುತ್ತದೆ.

ಮೊದಲು ಕಾಗದಪತ್ರ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ, ಅದೂ ಕ್ಯಾಂಪಸ್ಸಿನಲ್ಲಿ. ಹುದ್ದೆಯ ಪ್ರಕಟಣೆಯಲ್ಲಿ ಫೆಡರಲ್ ವರ್ಕ್-ಸ್ಟಡಿ ಅಂತ ಬರೆದಿದ್ದರೆ ಅದು ಅಮೆರಿಕ ಸರ್ಕಾರದ ನೆರವಿನ ಕೆಲಸ, ನಮಗಲ್ಲ, ಅರ್ಜಿ ಹಾಕಿ ಕಾಯುವುದು ದಂಡ. ಸೀಸನ್ನಿಗೆ ಮುಂಚಿನ ಅಭ್ಯಾಸದ ಆಗಸ್ಟ್ ಶಿಬಿರ ತರಗತಿಗಳಿಗಿಂತ ಮುಂಚೆ ಶುರುವಾಗುತ್ತದೆ. ಹೊಸದಾಗಿ ಬಂದವರು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿರುವ ಕೋರ್ಸ್ ಆರಂಭದ ದಿನಕ್ಕಿಂತ 30 ದಿನ ಮೊದಲಿನಿಂದ ಕೆಲಸಕ್ಕೆ ಸೇರಬಹುದು, ಅದಕ್ಕಿಂತ ಮುಂಚೆ ಇಲ್ಲ. ಸಂಬಳಕ್ಕೂ ತೆರಿಗೆಗೂ ಬೇಕಾದ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಗೆ ಪಾಸ್‌ಪೋರ್ಟ್, ದೇಶ ಪ್ರವೇಶಿಸಿದ ದಾಖಲೆಯಾದ ಐ-94, ಐ-20, ಕೆಲಸ ಕೊಟ್ಟವರ ಸಹಿ ಇರುವ ಪತ್ರ, ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಪತ್ರ, ಇಷ್ಟನ್ನೂ ಮೂಲದಲ್ಲೇ ಒಯ್ಯಬೇಕು. ವಿಮಾನ ಇಳಿದ ಮರುದಿನವೇ ಓಡಬೇಡಿ. ಪ್ರವೇಶದ ದಾಖಲೆ ಕಂಪ್ಯೂಟರಿನಲ್ಲಿ ಮೂಡಲು ಹತ್ತು ದಿನ ಬಿಟ್ಟು ಹೋಗುವುದು ಒಳ್ಳೆಯದು. ಕಾರ್ಡು ಅಂಚೆಯಲ್ಲಿ ಬರಲು ಎರಡು ವಾರದ ಆಸುಪಾಸು ಹಿಡಿಯುತ್ತದೆ. ಆದರೆ ಅರ್ಜಿ ಹಾಕಿದ ರಸೀದಿ ಇಟ್ಟುಕೊಂಡು ಕೆಲಸ ಶುರು ಮಾಡಬಹುದು. ಇದು ಗೊತ್ತಿಲ್ಲದೆ ಶಿಬಿರದ ಅರ್ಧ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಕೆಲಸ ಮಾಡುವ ಹಕ್ಕಿದೆ ಎಂದು ತೋರಿಸುವ ಐ-9 ಅರ್ಜಿಗೆ ಮಾತ್ರ ಸಡಿಲಿಕೆ ಇಲ್ಲ, ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳಲ್ಲಿ ದಾಖಲೆ ತೋರಿಸಿ ಮುಗಿಸಬೇಕು.

ಇಪ್ಪತ್ತು ಗಂಟೆ ಕೇಳಲು ಬೇಕಾದಷ್ಟಾಯಿತು ಅನ್ನಿಸುತ್ತದೆ. ತವರಿನ ಪಂದ್ಯದ ಶನಿವಾರ ಒಂದೇ ದಿನ 11, 12 ಗಂಟೆ ನುಂಗುತ್ತದೆ. ಆ ವಾರ ಉಳಿದ ದಿನಗಳಿಗೆ ಸಿಗುವುದು ಎಂಟು ಗಂಟೆ. ಅದನ್ನು ಮಂಗಳವಾರ, ಬುಧವಾರ, ಗುರುವಾರಕ್ಕೆ ಹಂಚುವಾಗ ಮೇಲಿನವರೊಂದಿಗೆ ಮೊದಲೇ ಕೂತು ಬರೆದಿಟ್ಟುಕೊಳ್ಳಿ. ‘ಇನ್ನೊಂದರ್ಧ ಗಂಟೆ ಇದ್ದು ಹೋಗು’ ಅಂತ ಯಾರಾದರೂ ಪ್ರೀತಿಯಿಂದಲೇ ಹೇಳಿದರೂ ಇಲ್ಲ ಅನ್ನಬೇಕು. 21ನೇ ಗಂಟೆಗೆ ಉತ್ತರ ಕೊಡಬೇಕಾದವರು ಅವರಲ್ಲ, ವೀಸಾ ಇರುವವರು. ಹೊರಊರಿನ ಪಂದ್ಯದ ಕಥೆ ಇನ್ನೂ ಬಿಗಿ. ಎಫ್-1ನವರ ಕೆಲಸ ಕ್ಯಾಂಪಸ್ಸಿಗೆ ಕಟ್ಟುಬಿದ್ದದ್ದು. ಬೇರೆ ರಾಜ್ಯದ ಕ್ರೀಡಾಂಗಣದಲ್ಲಿ ಪೆಟ್ಟಿಗೆ ಇಳಿಸುವುದು ಅದರೊಳಗೆ ಬರುತ್ತದೆಯೇ ಎಂದು ವಿದ್ಯಾರ್ಥಿ ಕಚೇರಿಯಿಂದ ಬರಹದಲ್ಲಿ ಕೇಳಿಯೇ ಮುಂದುವರಿಯಬೇಕು. ಸಂಬಳ ಇಲ್ಲದೆ ಸುಮ್ಮನೆ ಬರುತ್ತೇನೆ ಅನ್ನುವುದೂ ದಾರಿಯಲ್ಲ, ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಬಿಟ್ಟಿಯಾಗಿ ಮಾಡಿದರೂ ತೊಡಕೇ. ಈ ಸಲ ನಮ್ಮ ಪಾಲಿಗೆ ಬಂದದ್ದು ಹೀಗೆ: ಲಾರಿ ತುಂಬುವ ತನಕ ನಮ್ಮದು, ಇಳಿಸುವುದು ಬೇರೆಯವರದು.

ಶಿಬಿರದ ಮೊದಲ ಕೆಲಸ ಹೆಲ್ಮೆಟ್ ಕೂರಿಸುವುದು. ಸಾಮಾನು ಕೊಡುವ ದಿನ ನೂರಕ್ಕೂ ಹೆಚ್ಚು ತಲೆಗಳು ಸಾಲಿನಲ್ಲಿ ನಿಂತಿರುತ್ತವೆ. ಒಂದೊಂದಕ್ಕೂ ಹತ್ತು ನಿಮಿಷ ಕೊಡಲೇಬೇಕು, ಇಲ್ಲಿ ಉಳಿಸಿದ ನಿಮಿಷ ಅಕ್ಟೋಬರಿನಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ. ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪು ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ. ಸೀಸನ್ ಪೂರ್ತಿ ಯಾವ ಕೂದಲು ಇಟ್ಟುಕೊಳ್ಳುತ್ತಾರೋ ಆ ಕೂದಲಲ್ಲೇ ಅಳೆಯಬೇಕು. ಆಗಸ್ಟಿನಲ್ಲಿ ಜಡೆ ಇದ್ದು ಸೆಪ್ಟೆಂಬರಿನಲ್ಲಿ ಬೋಳಿಸಿಕೊಂಡರೆ ಹಳೆಯ ಅಳತೆ ಕೆಲಸಕ್ಕೆ ಬಾರದು. ಕೂದಲನ್ನು ಸ್ವಲ್ಪ ಒದ್ದೆ ಮಾಡಿಕೊಂಡರೆ ಬೆವರಿದ ತಲೆಯಲ್ಲಿ ಹೇಗೆ ಕೂರುತ್ತದೆ ಎಂದು ಆಗಲೇ ಗೊತ್ತಾಗುತ್ತದೆ. ಹೆಲ್ಮೆಟ್ ಹಾಕಿಸಿದ ಮೇಲೆ ಮುಂಭಾಗದ ಅಂಚು ಹುಬ್ಬಿನಿಂದ ಒಂದಿಂಚು ಮೇಲಿರಬೇಕು, ಕಿವಿಯ ತೂತು ಕಿವಿಗೆ ಸರಿಯಾಗಿ ಬರಬೇಕು, ದವಡೆಯ ಪ್ಯಾಡು ಕೆನ್ನೆಗೆ ಒತ್ತಿಕೊಂಡಿರಬೇಕು. ಆಮೇಲೆ ಗಾಳಿ. ಒಳಪದರದ ಚೀಲಗಳಿಗೆ ಪುಟ್ಟ ಪಂಪಿನಿಂದ ಗಾಳಿ ತುಂಬುವಾಗ ಸೂಜಿಗೆ ಗ್ಲಿಸರಿನ್ ಸವರಿಯೇ ಚುಚ್ಚಿ. ಒಣ ಸೂಜಿ ವಾಲ್ವಿನ ರಬ್ಬರ್ ಹರಿಯುತ್ತದೆ. ಹರಿದ ವಾಲ್ವ್ ಅಲ್ಲೇ ಸಿಕ್ಕಿಬೀಳುವುದಿಲ್ಲ, ಮೂರನೇ ದಿನಕ್ಕೆ ಗಾಳಿ ಇಳಿದು ಹೆಲ್ಮೆಟ್ ಅಲ್ಲಾಡತೊಡಗಿದಾಗ ಗೊತ್ತಾಗುತ್ತದೆ.

ಕೊನೆಯ ಪರೀಕ್ಷೆ ಕೈಯಲ್ಲೇ ಆಗಬೇಕು. ಗಲ್ಲದ ಪಟ್ಟಿಯ ನಾಲ್ಕೂ ಗುಂಡಿ ಹಾಕಿಸಿ, ಮುಖದ ಜಾಲರಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ. ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಎಳೆದುಕೊಂಡು ಬರಬೇಕು. ಚರ್ಮ ನಿಂತಲ್ಲೇ ನಿಂತು ಹೆಲ್ಮೆಟ್ ಮಾತ್ರ ಜಾರಿದರೆ ಗಾಳಿ ಸಾಲದು ಅಥವಾ ಸೈಜೇ ತಪ್ಪು. ಹುಡುಗರು ಸಡಿಲ ಹೆಲ್ಮೆಟ್ಟನ್ನೇ ಇಷ್ಟಪಡುತ್ತಾರೆ. ‘ಸರಿಯಾಗಿದೆ’ ಎಂಬ ಅವರ ಮಾತು ನಂಬುವಂತಿಲ್ಲ, ಹಣೆಯ ಚರ್ಮವನ್ನು ನಂಬಿ. ಆಟ ನಡೆಯುವಾಗ ಹೆಲ್ಮೆಟ್ ಕಳಚಿ ಬಿದ್ದರೆ, ಅದು ಎದುರಾಳಿಯ ಫೌಲಿನಿಂದ ಆದದ್ದಲ್ಲವಾದರೆ, ಆ ಆಟಗಾರ ಮುಂದಿನ ಒಂದು ಯತ್ನಕ್ಕೆ ಹೊರಗೆ ಕೂರಬೇಕು ಅಂತ ನಿಯಮ ಇದೆ. ಮೂರನೇ ಯತ್ನದಲ್ಲಿ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ ಹಾರಿದರೆ ನಾಲ್ಕನೆಯದಕ್ಕೆ ಅವನಿಲ್ಲ. ಕೋಚ್ ಆಗ ಯಾರ ಕಡೆ ತಿರುಗುತ್ತಾರೆ ಎಂದು ಹೇಳಬೇಕಾಗಿಲ್ಲ.

ಶಿಬಿರದ ಮೊದಲ ಎರಡು ದಿನ ಹೆಲ್ಮೆಟ್ ಮಾತ್ರ, ಆಮೇಲೆ ಭುಜದ ಪ್ಯಾಡು, ಕೊನೆಗೆ ಪೂರ್ತಿ ಕವಚ. ಬಿಸಿಲಿಗೆ ಮೈ ಒಗ್ಗಲಿ ಅಂತ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಮಾಡಿರುವ ಕ್ರಮ ಇದು. ಇದರಿಂದ ನಮಗೂ ಉಸಿರಾಡಲು ಸಮಯ ಸಿಗುತ್ತದೆ. ಭುಜದ ಪ್ಯಾಡಿಗೆ ಬೆನ್ನಿನ ಕಡೆಯಿಂದ ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಗೆ ಅಳೆಯಿರಿ. ಪ್ಯಾಡು ಆ ತುದಿಯಿಂದ ಅರ್ಧ ಇಂಚಿನಷ್ಟು ಹೊರಗೆ ಚಾಚಿರಬೇಕು. ಅಭ್ಯಾಸದಲ್ಲಿ ಹೆಲ್ಮೆಟ್ಟಿನ ಮೇಲೆ ಗಾರ್ಡಿಯನ್ ಕ್ಯಾಪ್ ಎಂಬ ಮೆತ್ತನೆಯ ಟೊಪ್ಪಿ ಹಾಕಿಸುತ್ತಾರೆ. ನೋಡಲು ಅಣಬೆಯ ಹಾಗೆ. ಅದರ ಪಟ್ಟಿ ಜಾಲರಿಗೆ ಸರಿಯಾಗಿ ಸಿಕ್ಕಿಸದಿದ್ದರೆ ಹತ್ತು ನಿಮಿಷಕ್ಕೊಂದು ಕಳಚಿ ಬಿದ್ದು, ಹೆಕ್ಕುವುದೇ ಒಂದು ಕೆಲಸವಾಗುತ್ತದೆ.

ಅಭ್ಯಾಸ ನಡೆಯುವುದು ಕಾಗದದ ಮೇಲೆ ಬರೆದ ಕಾರ್ಯಕ್ರಮದಂತೆ. ಐದೈದು ನಿಮಿಷದ ತುಂಡುಗಳು, ಪ್ರತಿ ತುಂಡಿನ ಕೊನೆಗೆ ಭೋಂಕಾರ. ಅದು ಮೊಳಗಿದ ಕ್ಷಣ ಮುಂದಿನ ತುಂಡಿನ ಶಂಕು, ಗುದ್ದುವ ಚೀಲ, ಚೆಂಡು ತಮ್ಮ ತಮ್ಮ ಜಾಗದಲ್ಲಿ ಇರಬೇಕು. ಹಿಂದಿನ ರಾತ್ರಿ ಆ ಕಾಗದ ಓದಿ ಮಲಗಿದವರು ನಡೆಯುತ್ತಾರೆ, ಓದದವರು ಓಡುತ್ತಾರೆ. ಬೂಟು ಹಳೆಯದಾದಷ್ಟು ಒಳ್ಳೆಯದು, ಸಾಕ್ಸ್ ಎರಡು ಜೊತೆ ಚೀಲದಲ್ಲಿರಲಿ. ಊಟದ ವಿಷಯ ಇಲ್ಲೇ ಹೇಳಿಬಿಡೋಣ. ಕೆಲಸದವರಿಗೆ ಕೊಡುವ ಡಬ್ಬಿಯಲ್ಲಿ ಹೆಚ್ಚಾಗಿ ಟರ್ಕಿ ಸ್ಯಾಂಡ್‌ವಿಚ್ ಇರುತ್ತದೆ. ಸಸ್ಯಾಹಾರಿಗಳಿಗೆ ಅದರೊಳಗಿನ ಸೇಬು, ಚಿಪ್ಸ್ ಮಾತ್ರ ಗತಿ. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೊಂಡು ಹೋದರೆ ನಿಂತಲ್ಲೇ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಸೀಸನ್ ಶುರುವಾದ ಮೇಲೆ ವಾರಕ್ಕೊಂದು ಚಕ್ರ. ಭಾನುವಾರ ಒಗೆತ ಮತ್ತು ರಿಪೇರಿ. ಸೋಮವಾರ ಹುಡುಗರಿಗೆ ಹೆಚ್ಚಾಗಿ ರಜೆ. ವಾರದಲ್ಲಿ ಒಂದು ದಿನ ಬಿಡುವು ಕೊಡಲೇಬೇಕು, ಅವರ ಅಭ್ಯಾಸಕ್ಕೂ ವಾರಕ್ಕೆ 20 ಗಂಟೆಯ ಮಿತಿ ಇದೆ. ತಮಾಷೆಯೆಂದರೆ ಆ ಲೆಕ್ಕದಲ್ಲಿ ಪಂದ್ಯದ ದಿನ ಎಷ್ಟು ಹೊತ್ತಾದರೂ ಮೂರೇ ಗಂಟೆ. ನಮಗೆ ಆ ಭಾಗ್ಯ ಇಲ್ಲ. ಮಂಗಳವಾರ, ಬುಧವಾರ ಜೋರು ಅಭ್ಯಾಸ, ಗುರುವಾರ ಹಗುರ, ಶುಕ್ರವಾರ ನಡೆದಾಡಿ ನೋಡುವುದು.

ಒಗೆತಕ್ಕೆ ಇಲ್ಲೊಂದು ಒಳ್ಳೆಯ ಉಪಾಯ ಇದೆ. ಪ್ರತಿ ಆಟಗಾರನಿಗೆ ಅವನ ಸಂಖ್ಯೆ ಬರೆದ ಒಂದು ಪಟ್ಟಿ. ಬನಿಯನ್, ಚಡ್ಡಿ, ಸಾಕ್ಸ್, ಟವೆಲ್ ಎಲ್ಲವನ್ನೂ ಅದಕ್ಕೆ ಪೋಣಿಸಿ ಬಿಗಿದು ಎಸೆಯುತ್ತಾನೆ. ಹಾಗೇ ಒಗೆದು, ಹಾಗೇ ಒಣಗಿಸಿ, ಅವನ ಗೂಡಿಗೆ (ಲಾಕರಿಗೆ) ನೇತುಹಾಕಿದರೆ ಆಯಿತು. ಪಟ್ಟಿಗೆ ತೀರಾ ಹೆಚ್ಚು ಪೋಣಿಸಿದರೆ ನಡುವಿನದು ಒಣಗುವುದಿಲ್ಲ, ಮರುದಿನ ಕೊಠಡಿಯೆಲ್ಲ ಮುಗ್ಗಲು ವಾಸನೆ. ಪಂದ್ಯದ ಜೆರ್ಸಿ ಮಾತ್ರ ಬೇರೆ. ರಕ್ತದ ಕಲೆ ಇದ್ದರೆ ತಣ್ಣೀರಲ್ಲಿ ನೆನೆಸಿ ಎನ್‌ಝೈಮ್ ದ್ರಾವಣ ಹಾಕಿ, ಬಿಸಿನೀರು ಮುಟ್ಟಿಸಿದರೆ ಕಲೆ ಕಚ್ಚಿಕೊಂಡು ಕೂರುತ್ತದೆ.

ಚೆಂಡಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹಂದಿಯ ಚರ್ಮ ಅಂತ ಅಡ್ಡಹೆಸರಿದ್ದರೂ ಇದು ದನದ ಚರ್ಮದ್ದು. ವಿಲ್ಸನ್ ಕಂಪನಿ ಒಹಾಯೋದ ಏಡಾ ಎಂಬ ಸಣ್ಣ ಊರಿನಲ್ಲಿ ಹೊಲಿಸುತ್ತದೆ. ತೂಕ 14ರಿಂದ 15 ಔನ್ಸ್, ಗಾಳಿಯ ಒತ್ತಡ 12.5ರಿಂದ 13.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಕಾಲೇಜು ಆಟದಲ್ಲಿ ಒಂದೊಂದು ತಂಡವೂ ತಾನು ಆಕ್ರಮಣಕ್ಕೆ ಇಳಿದಾಗ ತನ್ನದೇ ಚೆಂಡು ಬಳಸಬಹುದು. ಹಾಗಾಗಿ ಚೆಂಡು ಹದ ಮಾಡುವುದು ನಮ್ಮ ಪಾಲಿನ ಅಡುಗೆ. ಪೆಟ್ಟಿಗೆಯಿಂದ ತೆಗೆದ ಹೊಸ ಚೆಂಡು ಮೇಣ ಮೆತ್ತಿದ ಹಾಗೆ ಜಾರುತ್ತದೆ. ಗಟ್ಟಿ ಬ್ರಷ್ಷಿನಿಂದ ಆ ಪದರ ಹೋಗುವ ತನಕ ಉಜ್ಜಿ, ಒದ್ದೆ ಟವೆಲಿನಲ್ಲಿ ಒರೆಸಿ, ಚರ್ಮದ ಹದಕ್ಕೆ ಹಚ್ಚುವ ಮುಲಾಮು ಅಥವಾ ಮಣ್ಣು ಬೆರಳಿನಿಂದ ತಿಕ್ಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮತ್ತೆ ಬ್ರಷ್. ಮೂರು ನಾಲ್ಕು ದಿನ ಹೀಗೆ ಮಾಡಿದ ಮೇಲೆ ಬಣ್ಣ ಗಾಢವಾಗಿ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟಿದಂತಾಗುತ್ತದೆ. ಆಮೇಲೆ ಅಭ್ಯಾಸಕ್ಕೆ ಬಿಟ್ಟು, ಕ್ವಾರ್ಟರ್‌ಬ್ಯಾಕ್ ಇದು ಸರಿ ಎಂದು ಎತ್ತಿಟ್ಟವಕ್ಕೆ ಮಾತ್ರ ಪಂದ್ಯದ ಗುರುತು. ಮುಲಾಮು ಹೆಚ್ಚಾದರೆ ಚರ್ಮ ಮೆತ್ತಗಾಗಿ, ಮಳೆ ಬಂದಾಗ ನೀರು ಕುಡಿದು ಭಾರವಾಗುತ್ತದೆ. ಹೆಚ್ಚು ಉಜ್ಜಿದರೆ ಗುಳ್ಳೆಗುಳ್ಳೆಯ ಮೈ ಸವೆದು ಮತ್ತೆ ಜಾರುತ್ತದೆ. ಒಂದು ಚೆಂಡಿಗೆ ನೂರು ಡಾಲರಿನ ಮೇಲೆ ಬೆಲೆ ಇರುವುದರಿಂದ ಕಲಿಯಲು ಹಳೆಯದನ್ನೇ ತೆಗೆದುಕೊಳ್ಳಿ.

ಗಾಳಿಯ ಲೆಕ್ಕ ನವೆಂಬರಿನಲ್ಲಿ ಮತ್ತೆ ಬರುತ್ತದೆ. ಅದಕ್ಕೆ ಮೊದಲು ಪಂದ್ಯದ ದಿನ.

ಪಂದ್ಯ ಎಷ್ಟು ಹೊತ್ತಿಗೆ ಎಂಬುದು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ, ಟಿವಿಯವರ ಕೈಯಲ್ಲಿದೆ. ಅನೇಕ ಪಂದ್ಯಗಳ ವೇಳೆ 12 ದಿನ ಮೊದಲು ತಿಳಿಯುತ್ತದೆ, ಕೆಲವದ್ದು 6 ದಿನ ಮೊದಲು. ಮಧ್ಯಾಹ್ನ 12ಕ್ಕೋ ರಾತ್ರಿ 7:30ಕ್ಕೋ ಗೊತ್ತಿಲ್ಲದೆ ಶನಿವಾರಕ್ಕೆ ಬೇರೇನೂ ಒಪ್ಪಿಕೊಳ್ಳಬೇಡಿ, ಸೋಮವಾರದ ಪರೀಕ್ಷೆಗೆ ಓದುವುದನ್ನು ಗುರುವಾರಕ್ಕೇ ಮುಗಿಸಿಡಿ. ಹನ್ನೆರಡರ ಪಂದ್ಯವಾದರೆ ಬೆಳಿಗ್ಗೆ 5:30ಕ್ಕೆ ಉಗ್ರಾಣದ ಬಾಗಿಲು ತೆರೆದಿರುತ್ತದೆ. ಪ್ರತಿ ಗೂಡಿನಲ್ಲೂ ಒಂದೇ ಕ್ರಮ: ಹೆಲ್ಮೆಟ್, ಜೆರ್ಸಿ ಹಾಕಿದ ಭುಜದ ಪ್ಯಾಡು, ತೊಡೆ, ಮೊಣಕಾಲಿನ ಪ್ಯಾಡು ಸೇರಿಸಿದ ಪ್ಯಾಂಟು, ಸಾಕ್ಸ್, ಕೈಗವಸು, ಬೂಟು. ಜೆರ್ಸಿಯನ್ನು ಪ್ಯಾಡಿನ ಮೇಲೆ ಎಳೆಯಲು ಇಬ್ಬರು ಬೇಕು. ಮೊದಲು ಪ್ಯಾಡಿನ ಎದೆ, ಬೆನ್ನು, ಭುಜಕ್ಕೆ ಎರಡೂ ಬದಿ ಅಂಟುವ ಟೇಪು. ಆಮೇಲೆ ಒಬ್ಬರು ಪ್ಯಾಡನ್ನು ಮಂಡಿಯಿಂದ ಒತ್ತಿ ಹಿಡಿದರೆ ಇನ್ನೊಬ್ಬರು ಬಟ್ಟೆಯನ್ನು ಇಂಚಿಂಚು ಎಳೆದು ಅಂಟಿಸುತ್ತಾರೆ. ಹಿಡಿಯಲು ಒಂದು ಮಡಿಕೆಯೂ ಉಳಿಯಬಾರದು, ಎದುರಾಳಿಯ ಬೆರಳಿಗೆ ಮಡಿಕೆ ಸಿಕ್ಕರೆ ಅಷ್ಟೇ ಸಾಕು. ಹತ್ತನೇ ಜೆರ್ಸಿಗೆ ಉಗುರುಕಣ್ಣು ಉರಿಯುತ್ತದೆ. ಕೈಗೆ ವೈದ್ಯರ ಟೇಪು ಸುತ್ತಿಕೊಂಡೇ ಶುರು ಮಾಡಿ.

ಚೆಂಡುಗಳನ್ನು ಪಂದ್ಯಕ್ಕೆ 60 ನಿಮಿಷ ಮೊದಲು ತೀರ್ಪುಗಾರರ ಪರೀಕ್ಷೆಗೆ ಒಪ್ಪಿಸಬೇಕು. ಅಷ್ಟರೊಳಗೆ ಅಂಚಿನ ಪೆಟ್ಟಿಗೆ ಮೈದಾನಕ್ಕೆ ಹೋಗಿರಬೇಕು. ಅದರಲ್ಲಿ ಬ್ಯಾಟರಿ ಸ್ಕ್ರೂಡ್ರೈವರ್ ಎರಡು, ಜಾಲರಿಯ ಕ್ಲಿಪ್ಪು, ಸ್ಕ್ರೂ, ನಟ್ಟು, ಗಲ್ಲದ ಪಟ್ಟಿ, ದವಡೆ ಪ್ಯಾಡು, ಗಾಳಿಯ ಪಂಪು, ಬೂಟಿನ ಲೇಸು, ಒಣ ಟವೆಲು, ಹಲ್ಲಿನ ಕವಚ ಇರುತ್ತವೆ. ಹಲ್ಲಿನ ಕವಚ ಬಿಳಿಯದೋ ಪಾರದರ್ಶಕವೋ ಆಗಿರಬಾರದು, ತೀರ್ಪುಗಾರರಿಗೆ ದೂರದಿಂದ ಕಾಣುವ ಬಣ್ಣದ್ದಾಗಿರಬೇಕು. ಜಾಲರಿಗೆ ಸಿಕ್ಕಿಸುವ ಕಣ್ಣಿನ ಗಾಜು ಮಾತ್ರ ಇದಕ್ಕೆ ತದ್ವಿರುದ್ಧ, ಬಣ್ಣವೇ ಕೂಡದು. ಹೊಸಬರು ಇವೆರಡನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಪೆಟ್ಟಿಗೆಯ ತಳದಲ್ಲಿ ಹೆಚ್ಚುವರಿ ಜೆರ್ಸಿಗಳು. ಒಂದು ತಂಡದಲ್ಲಿ ಇಬ್ಬರಿಗೆ ಒಂದೇ ಸಂಖ್ಯೆ ಇರಬಹುದು, ಆದರೆ ಇಬ್ಬರೂ ಒಟ್ಟಿಗೆ ಮೈದಾನದಲ್ಲಿ ಇರುವಂತಿಲ್ಲ. ಗಾಯದಿಂದಾಗಿ, ಚೆಂಡು ಒದೆಯುವಾಗ ಇಳಿಯುವ ತಂಡಕ್ಕೆ ಆಟಗಾರರನ್ನು ಬದಲಿಸುವಾಗ ಸಿಕ್ಕಿಬೀಳುವುದು ಹೀಗೇ. ಇನ್ನೊಂದು ಸೂಕ್ಷ್ಮ: 50ರಿಂದ 79ರವರೆಗಿನ ಸಂಖ್ಯೆಯವರು ಮುಂದಕ್ಕೆ ಎಸೆದ ಚೆಂಡು ಹಿಡಿಯುವಂತಿಲ್ಲ. ವೃತ್ತಿಪರ ಲೀಗಿನಲ್ಲಿ ತೀರ್ಪುಗಾರರಿಗೆ ಹೇಳಿದರೆ ನಡೆಯುತ್ತದೆ, ಕಾಲೇಜಿನಲ್ಲಿ ಜೆರ್ಸಿಯನ್ನೇ ಬದಲಿಸಬೇಕು. ಕೋಚ್ ದಪ್ಪ ಹುಡುಗನೊಬ್ಬನನ್ನು ಚೆಂಡು ಹಿಡಿಯುವ ಜಾಗಕ್ಕೆ ಹಾಕುವ ಯೋಚನೆಯಲ್ಲಿದ್ದರೆ ಅವನ ಅಳತೆಯ, 40ರ ಅಥವಾ 80ರ ಸಾಲಿನ ಜೆರ್ಸಿ ಗುರುವಾರವೇ ತಯಾರಾಗಿರಬೇಕು. ಶನಿವಾರ ಹುಡುಕಿದರೆ ಆ ಸೈಜಿನದು ಸಿಗುವುದಿಲ್ಲ.

2024ರಲ್ಲಿ ಹೊಸದಾಗಿ ಬಂದದ್ದು ಹೆಲ್ಮೆಟ್ಟಿನೊಳಗಿನ ರೇಡಿಯೊ. ಮೇಲಿನ ದರ್ಜೆಯ ತಂಡಗಳಲ್ಲಿ ಕೋಚ್ ನೇರವಾಗಿ ಒಬ್ಬ ಆಟಗಾರನ ಕಿವಿಗೆ ಹೇಳಬಹುದು. ಪ್ರತಿ ಯತ್ನ ಶುರು ಮಾಡಲು ಇರುವ ಗಡುವಿನ ಗಡಿಯಾರ 15 ಸೆಕೆಂಡಿಗೆ ಇಳಿದಾಗ ಅಥವಾ ಚೆಂಡು ಹೊರಟಾಗ, ಯಾವುದು ಮೊದಲೋ ಆಗ ಧ್ವನಿ ನಿಲ್ಲುತ್ತದೆ. ಆ ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ ಇರುತ್ತದೆ, ಅಂಥದ್ದು ಒಂದು ಸಲಕ್ಕೆ ಒಂದೇ ಮೈದಾನದಲ್ಲಿರಬೇಕು. ಬದಲಿ ಕ್ವಾರ್ಟರ್‌ಬ್ಯಾಕಿಗೂ ರೇಡಿಯೊ ಹೆಲ್ಮೆಟ್ ಇರುತ್ತದೆ ತಾನೇ? ಯಾವುದೋ ತಂತ್ರಕ್ಕಾಗಿ ಇಬ್ಬರನ್ನೂ ಒಟ್ಟಿಗೆ ಇಳಿಸಿದರೆ ಫೌಲ್. ಅಂಥ ಆಟ ಯೋಜನೆಯಲ್ಲಿದೆಯೇ ಎಂದು ಮೊದಲೇ ಕೇಳಿಕೊಂಡು, ಎರಡನೆಯವನಿಗೆ ರೇಡಿಯೊ ಇಲ್ಲದ ಹೆಲ್ಮೆಟ್ಟನ್ನೂ ಅವನ ತಲೆಗೇ ಕೂರಿಸಿ ಇಟ್ಟಿರಬೇಕು. ಬ್ಯಾಟರಿ ಶುಕ್ರವಾರ ರಾತ್ರಿ ಚಾರ್ಜಿಗೆ, ಶನಿವಾರ ಬೆಳಿಗ್ಗೆ ಖಾಲಿ ಮೈದಾನದ ನಾಲ್ಕೂ ಮೂಲೆಯಿಂದ ಮಾತಾಡಿಸಿ ಪರೀಕ್ಷೆ. ಕೊಠಡಿಯೊಳಗೆ ಕೇಳಿಸಿತು ಎಂದು ಸುಮ್ಮನಾದರೆ, ಜನ ತುಂಬಿ ಕಿರುಚುವಾಗ ಅದೇ ಧ್ವನಿ ಕೀಟದ ಸದ್ದಿನಷ್ಟಾಗಿರುತ್ತದೆ.

ಗುಡುಗಿದರೆ ಮಾತ್ರ ಯಾರೂ ಏನೂ ಮಾಡುವ ಹಾಗಿಲ್ಲ. ಹತ್ತಿರದಲ್ಲಿ ಮಿಂಚು ಕಂಡರೆ ಆಟ ನಿಲ್ಲುತ್ತದೆ, ಕೊನೆಯ ಮಿಂಚಿನಿಂದ 30 ನಿಮಿಷ ಕಾಯಬೇಕು. 29ನೇ ನಿಮಿಷಕ್ಕೆ ಇನ್ನೊಂದು ಮಿಂಚಿದರೆ ಮತ್ತೆ ಮೊದಲಿನಿಂದ ಎಣಿಕೆ. ಆ ಹೊತ್ತಿನಲ್ಲಿ ಸುಮ್ಮನೆ ಕೂರಬೇಡಿ: ಒದ್ದೆ ಕೈಗವಸು, ಸಾಕ್ಸ್ ಬದಲಿಸಿ, ಚೆಂಡುಗಳನ್ನು ಒರೆಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬೂಟಿನ ಮುಳ್ಳುಗಳ ಮಣ್ಣು ಕೆರೆಯಿರಿ. ಮುಳ್ಳು ಅರ್ಧ ಇಂಚಿಗಿಂತ ಉದ್ದ ಇರಬಾರದು, ಕೆಸರೆಂದು ಉದ್ದದ್ದು ಹಾಕಿಕೊಡಿ ಅನ್ನುವವರಿಗೆ ಇದೇ ಉತ್ತರ.

ಹೊರಊರಿನ ಪಂದ್ಯಕ್ಕೆ ಲಾರಿ ಸಾಮಾನ್ಯವಾಗಿ ಗುರುವಾರ ಹೊರಡುತ್ತದೆ, ತಂಡ ಶುಕ್ರವಾರ ವಿಮಾನದಲ್ಲಿ. ಯಕ್ಷಗಾನ ಮೇಳದ ಲಾರಿ ಕಂಡವರಿಗೆ ಈ ಕ್ರಮ ಹೊಸದಲ್ಲ. ಚೌಕಿಯಲ್ಲಿ ಮೊದಲು ಬೇಕಾದ ಪೆಟ್ಟಿಗೆ ಲಾರಿಯ ಬಾಗಿಲ ಬಳಿ, ಕೊನೆಗೆ ಬೇಕಾದದ್ದು ಒಳಗೆ. ಗೂಡುಗಳಿಗೆ ಹೋಗುವ ಚೀಲಗಳು ಕೊನೆಗೆ ಏರಬೇಕು, ಅಂಚಿನ ಬೆಂಚಿನ ಸಾಮಾನು ಮೊದಲೇ ಏರಿರಬೇಕು. ಪ್ರಯಾಣಕ್ಕೆ ಎಪ್ಪತ್ತು, ಎಂಬತ್ತು ಆಟಗಾರರು. ಆ ಪಟ್ಟಿ ಗುರುವಾರ ಮಧ್ಯಾಹ್ನವೂ ಅಂತಿಮವಾಗಿರುವುದಿಲ್ಲ, ಅನುಮಾನದ ನಾಲ್ಕೈದು ಹೆಸರಿನ ಸಾಮಾನನ್ನೂ ಹಾಕಿ ಕಳಿಸುವುದೇ ವಾಸಿ. ಇಲ್ಲಿ ಬಿಟ್ಟುಹೋದ ಹೆಲ್ಮೆಟ್ಟನ್ನು ಅಲ್ಲಿ ಸಾಲ ತರಲಾಗುವುದಿಲ್ಲ, ಬೂಟು ಬೇಕಾದರೆ ತರಬಹುದು. 2024ರಲ್ಲಿ ಪಶ್ಚಿಮ ಕರಾವಳಿಯ ಒರೆಗಾನ್, ವಾಷಿಂಗ್ಟನ್, ಯುಎಸ್‌ಸಿ, ಯುಸಿಎಲ್ಎ ವಿಶ್ವವಿದ್ಯಾಲಯಗಳು ಬಿಗ್ ಟೆನ್ ಕಾನ್ಫರೆನ್ಸ್ ಎಂಬ ತಂಡಗಳ ಕೂಟಕ್ಕೆ ಸೇರಿ ಅದು 18 ತಂಡಗಳದ್ದಾದ ಮೇಲೆ, ಪೂರ್ವದ ತಂಡಗಳ ಲಾರಿಗಳು ದೇಶದ ಆ ತುದಿಯಿಂದ ಈ ತುದಿಗೆ ಓಡುತ್ತಿವೆ. ಅಂಥ ವಾರ ಗುರುವಾರದ ಲೆಕ್ಕ ನಡೆಯುವುದಿಲ್ಲ, ಇನ್ನೂ ಮುಂಚೆ ಹೊರಡಿಸಬೇಕು. ಎತ್ತರದ ಊರಿಗೆ ಹೋದರೆ ಗಾಳಿಯ ಚೀಲಗಳು ಉಬ್ಬುತ್ತವೆ. ವಯೋಮಿಂಗಿನ ಲಾರಮಿಯಲ್ಲಿ ಕ್ರೀಡಾಂಗಣ 7,220 ಅಡಿ ಎತ್ತರದಲ್ಲಿದೆ. ಅಲ್ಲಿ ತಲೆ ಬಿಗಿಯುತ್ತಿದೆ ಎಂದು ಹತ್ತು ಜನ ಒಟ್ಟಿಗೆ ದೂರಿದರೆ ಹೆಲ್ಮೆಟ್ ಕೆಟ್ಟಿದೆ ಎಂದಲ್ಲ, ಸ್ವಲ್ಪ ಗಾಳಿ ಬಿಟ್ಟರೆ ಸಾಕು.

ಈಗ ನವೆಂಬರಿನ ಲೆಕ್ಕ. ಬೆಚ್ಚಗಿನ ಕೋಣೆಯಲ್ಲಿ, 21 ಡಿಗ್ರಿಯಲ್ಲಿ 13 ಪಿಎಸ್‌ಐ ತುಂಬಿದ ಚೆಂಡನ್ನು ಸೊನ್ನೆ ಡಿಗ್ರಿಯ ಮೈದಾನಕ್ಕೆ ಒಯ್ದರೆ ಅದು ಹೆಚ್ಚುಕಡಿಮೆ 11ಕ್ಕೆ ಇಳಿಯುತ್ತದೆ. ಸೋರಿಕೆ ಏನೂ ಇಲ್ಲ, ಒಳಗಿನ ಗಾಳಿ ತಣಿದದ್ದು ಅಷ್ಟೇ. ತೀರ್ಪುಗಾರರು ಅಳೆಯುವ ಕೋಣೆಯೂ ಬೆಚ್ಚಗೇ ಇರುತ್ತದೆ. ಹಾಗಾಗಿ ಚಳಿಯ ದಿನ ಮೇಲಿನ ಮಿತಿ 13.5ಕ್ಕೆ ಹತ್ತಿರ ತುಂಬಿ ಒಪ್ಪಿಸುವುದು ನಮ್ಮ ರೂಢಿಯಾಯಿತು, ನಿಯಮದೊಳಗೇ ಇದ್ದೂ ಒಂದಿಷ್ಟು ಉಳಿಯುತ್ತದೆ. ಹೆಲ್ಮೆಟ್ಟಿನದ್ದೂ ಇದೇ ಕಥೆ, ಆದರೆ ಅಲ್ಲಿ ತಿದ್ದಲು ಅವಕಾಶ ಇದೆ. ಒಳಗೆ ಬಿಗಿಯಾಗಿದ್ದದ್ದು ಹೊರಗೆ ಹತ್ತು ನಿಮಿಷದಲ್ಲಿ ಸಡಿಲ. ಅದಕ್ಕೇ ಚಳಿಯ ದಿನ ಗಾಳಿ ಪರೀಕ್ಷೆ ಮೈದಾನದಲ್ಲಿ, ಮೈ ಬಿಸಿ ಮಾಡಿಕೊಳ್ಳುವ ಹೊತ್ತಿಗೇ ಆಗಬೇಕು. ಪಂಪು ಹಿಡಿದು ಸಾಲಿನ ಹಿಂದೆ ನಡೆಯುತ್ತ, ಒಂದೊಂದು ಜಾಲರಿ ಹಿಡಿದು ಅಲ್ಲಾಡಿಸಿ ನೋಡುವುದು. ಬೆರಳು ಮರಗಟ್ಟಿರುತ್ತದೆ, ಸೂಜಿ ಕಾಣುವುದಿಲ್ಲ. ಆದರೂ ಆಗಸ್ಟಿನಲ್ಲಿ ಚೆನ್ನಾಗಿ ಕೂತ ಹೆಲ್ಮೆಟ್ಟುಗಳೇ ನವೆಂಬರಿನಲ್ಲಿ ಹಾರುವುದು ಈ ಕಾರಣಕ್ಕೆ ಎಂದು ಗೊತ್ತಾಗಲು ನಮಗೆ ಎರಡು ಪಂದ್ಯ ಬೇಕಾಯಿತು. ನೀರು ಹೋಗದ ಬೂಟು, ಒಳಗೆ ಹಾಕುವ ಥರ್ಮಲ್, ಬೆರಳ ತುದಿ ಕತ್ತರಿಸಿದ ಕೈಗವಸು, ಈ ಮೂರಕ್ಕೆ ದುಡ್ಡು ಸುರಿಯಲು ಜಿಪುಣತನ ಬೇಡ. ಅಕ್ಟೋಬರ್ ಸಂಬಳದಲ್ಲೇ ತೆಗೆದಿಟ್ಟುಕೊಳ್ಳಿ.

ಹನ್ನೆರಡು ಪಂದ್ಯಗಳಲ್ಲಿ ಆರು ಗೆದ್ದರೆ, ಸೀಸನ್ ಮುಗಿದ ಮೇಲೆ ನಡೆಯುವ ಹೆಚ್ಚುವರಿ ಪಂದ್ಯಕ್ಕೆ, ಅಂದರೆ ಬೌಲ್ ಪಂದ್ಯಕ್ಕೆ ಅರ್ಹತೆ. ನವೆಂಬರ್ 30ಕ್ಕೆ ಸಾಮಾನ್ಯ ಸೀಸನ್ ಮುಗಿದು, ಯಾರು ಯಾವ ಊರಿಗೆ ಎಂಬುದು ತಿಳಿದದ್ದು ಡಿಸೆಂಬರ್ 8ಕ್ಕೆ. ಆ ಎಂಟು ದಿನ ಏನನ್ನೂ ಕಟ್ಟುವ ಹಾಗಿಲ್ಲ, ಫ್ಲಾರಿಡಾದ ಹುಲ್ಲಿಗೆ ಒಂದು ಬೂಟು, ಚಾವಣಿ ಇರುವ ಕ್ರೀಡಾಂಗಣದ ಕೃತಕ ಹಾಸಿಗೆ ಇನ್ನೊಂದು. ಮರುದಿನ, 9ನೇ ತಾರೀಕು, ತಂಡ ಬದಲಿಸುವವರ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು, 28ರ ತನಕ ಇತ್ತು. ಒಂದು ಕಡೆ ಬೌಲ್‌ಗೆ ಜೆರ್ಸಿಗೆ ಪಟ್ಟಿ ಹೊಲಿಸುತ್ತಿದ್ದೇವೆ, ಇನ್ನೊಂದು ಕಡೆ ಹುಡುಗರು ಬಂದು ಗೂಡು ಖಾಲಿ ಮಾಡುತ್ತಿದ್ದಾರೆ. ಆಗಸ್ಟಿನಿಂದ ಯಾವ ತಲೆಗೆ ಎಷ್ಟು ಗಾಳಿ ಎಂದು ಬಾಯಿಪಾಠ ಆದವರು, ಹೆಲ್ಮೆಟ್ ಕೌಂಟರಿನ ಮೇಲಿಟ್ಟು ಸಹಿ ಹಾಕಿ ಹೋಗುವಾಗ ಏನೋ ಒಂಥರಾ ಆಗುತ್ತದೆ. ಆದರೂ ಪಟ್ಟಿ ಹಿಡಿದು ಒಂದೊಂದೇ ಟಿಕ್ ಮಾಡಿ. ಹೆಲ್ಮೆಟ್ ವಿಶ್ವವಿದ್ಯಾಲಯದ ಸ್ವತ್ತು, ಒಳ್ಳೆಯದೊಂದಕ್ಕೆ ನಾನೂರು ಡಾಲರಿನಿಂದ ಶುರು. ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದರೆ ಅದು ಮೇಲಿನವರು ತೀರ್ಮಾನಿಸಲಿ, ವಿದ್ಯಾರ್ಥಿ ಕೆಲಸಗಾರ ಹೂಂ ಅನ್ನಬಾರದು.

ಬೌಲ್‌ಗೆ ಲಾರಿ ತುಂಬಿ ಕಳಿಸಿ ಟಿವಿಯಲ್ಲಿ ನೋಡಿದ್ದಾಯಿತು. ಎಲ್ಲರೂ ಚೆಂಡು ನೋಡುತ್ತಿದ್ದರೆ ಉಗ್ರಾಣದವರ ಕಣ್ಣು ಗಲ್ಲದ ಪಟ್ಟಿಯ ಮೇಲೆ. ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ಹೋದ ತಂಡಗಳ ಉಗ್ರಾಣದವರನ್ನು ನೆನೆದರೆ ಮಾತ್ರ ಅಯ್ಯೋ ಅನ್ನಿಸುತ್ತದೆ. 2024ರ ಸೀಸನ್ನಿನಿಂದ ಅದು 12 ತಂಡಗಳದ್ದು. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ಗೆದ್ದ ಒಹಾಯೋ ಸ್ಟೇಟ್ ಆಡಿದ್ದು ಒಟ್ಟು 16 ಪಂದ್ಯ. ಹದಿನಾರು ಸಲ ತುಂಬಿ, ಒಗೆದು, ಅಂಟಿಸಿ!

ಜನವರಿಯಲ್ಲಿ ಉಳಿದದ್ದು ಎಣಿಕೆ. ಪ್ರತಿ ಹೆಲ್ಮೆಟ್ಟಿಗೂ ಚೀಟಿ ಕಟ್ಟಿ, ರೇಡಿಯೊ ಮತ್ತು ಕಣ್ಣಿನ ಗಾಜು ಬಿಚ್ಚಿ, ಒಳಗಿನ ತಾರೀಕು ನೋಡಿ, ಹತ್ತು ವರ್ಷ ದಾಟಿದ್ದನ್ನು ಬೇರೆ ಇಟ್ಟು, ಉಳಿದದ್ದನ್ನು ಮರುಪರೀಕ್ಷೆಗೆ ಕಳಿಸಬೇಕು. ಅಲ್ಲಿ ತೊಳೆದು, ಸವೆದ ಭಾಗ ಬದಲಿಸಿ, ಸುರಕ್ಷತೆಯ ಪರೀಕ್ಷೆ ಮಾಡಿ ಹೊಸ ಮುದ್ರೆ ಒತ್ತಿ ಕಳಿಸುತ್ತಾರೆ. ವಸಂತದ ಅಭ್ಯಾಸ 34 ದಿನಗಳೊಳಗೆ 15 ಸಲ ನಡೆಯುತ್ತದೆ, ಅದಕ್ಕೆ ಮುಂಚೆ ವಾಪಸು ಬರಬೇಕಾದರೆ ಜನವರಿ ದಾಟಿಸಬಾರದು. ಎಣಿಕೆ ಒಂದೇ ಸಲಕ್ಕೆ ತಾಳೆಯಾಗುವುದಿಲ್ಲ. ಒಂದೆರಡು ಹೆಲ್ಮೆಟ್ ತೂಕದ ಕೋಣೆಯ ಮೂಲೆಯಲ್ಲೋ, ವೈದ್ಯರ ಮೇಜಿನ ಕೆಳಗೋ ಸಿಕ್ಕೇ ಸಿಗುತ್ತವೆ, ಬೇರೆಯವರನ್ನು ಬೈಯುವ ಮೊದಲು ಅಲ್ಲಿ ನೋಡಿ.

ತೆರಿಗೆಯ ಕೆಲಸ ಏಪ್ರಿಲ್ 15ರೊಳಗೆ. ಎಫ್-1ನವರು ಮೊದಲ ಐದು ವರ್ಷ 1040-ಎನ್ಆರ್ ಎಂಬ ಅನಿವಾಸಿಗಳ ತೆರಿಗೆ ನಮೂನೆ ಹಾಕಬೇಕು, ಜೊತೆಗೆ 8843 ಎಂಬ ಇನ್ನೊಂದು ನಮೂನೆ. ಸಂಬಳದ ಚೀಟಿಯಲ್ಲಿ ಸೋಶಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಕಡಿತ ಕಂಡರೆ ಅದು ತಪ್ಪಾಗಿ ಹಿಡಿದದ್ದು, ಸಂಬಳ ವಿಭಾಗಕ್ಕೆ ಹೇಳಿ ವಾಪಸು ಪಡೆಯಿರಿ. ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಬೀಳದ ಮೊತ್ತ, ಸಿಗುತ್ತದೆ, 2024ಕ್ಕೆ ಅದು 14,600 ಡಾಲರ್. ಉಗ್ರಾಣದ ಸಂಬಳ ಅಷ್ಟನ್ನು ದಾಟುವುದಿಲ್ಲ, ಹಿಡಿದಿಟ್ಟ ಫೆಡರಲ್ ಆದಾಯ ತೆರಿಗೆ ಬಹುತೇಕ ಪೂರ್ತಿ ಕೈಗೆ ಬರುತ್ತದೆ. ರಾಜ್ಯದ ತೆರಿಗೆಗೆ ಲೆಕ್ಕ ಬೇರೆ.

ಹೆಲ್ಮೆಟ್ಟಿನ ಪೆಟ್ಟಿಗೆಗಳು ಮೊನ್ನೆ ಹೊರಟವು. ತಿರುಗಿ ಬಂದಾಗ ಮತ್ತೆ ಟೇಪು ಹಿಡಿದು ಹುಬ್ಬಿನಿಂದ ಒಂದಿಂಚು ಮೇಲೆ ಅಳೆಯುವುದರಿಂದ ಶುರು. ಗ್ಲಿಸರಿನ್ ಬಾಟಲಿ ಖಾಲಿಯಾಗಿದೆ, ತರಿಸಬೇಕು.